ಗುರುತು ಸಿಗದ ಹೇಂಟೆಗಳು

ಉಬ್ರಾಣಿ,
ಚನ್ನಗಿರಿ ತಾಲ್ಲೂಕು
9-2-1986, ಭಾನುವಾರ

ಪ್ರೀತಿಯ ಮಗಳು ಅಂತರಘಟ್ಟಮ್ಮನಿಗೆ,

ನಿನ್ನ ಮಾವ ದೊಡ್ಡಣ್ಣ ಮನಸಾರೆ ಹರಸಿ ಬರೆಯುವುದು. ಹೇಗಿದ್ದೀಯ ತಾಯಿ? ಜಗಳೂರಿನ ನೀರು ನಿನಗೆ ಒಗ್ಗಿತೇ? ಹೋಗುವಾಗ ಇದ್ದ ಕೆಮ್ಮು ವಾಸಿಯಾಯಿತೋ, ಇಲ್ಲ ಬೆಳಗಿನ ಹೊತ್ತು ಈಗಲೂ ಕಾಡುತ್ತದೆಯೋ? ತರಬೇತಿಯಲ್ಲಿ ಮುದ್ದೆ ಇಲ್ಲ, ಮೂರು ಹೊತ್ತೂ ಅನ್ನ ಎಂದು ಬರೆದಿದ್ದೆ. ಅನ್ನ ಸೇರದಿದ್ದರೂ ಹೊಟ್ಟೆ ತುಂಬ ಉಣ್ಣು. ಅಂಗನವಾಡಿಯ ಮಕ್ಕಳಿಗೆ ಹಾಡು ಹೇಳಿಕೊಡಬೇಕಾದವಳು ಬಡಕಲಾಗಿ ಬಂದರೆ ಊರವರು ನನ್ನನ್ನೇ ಕೇಳುತ್ತಾರೆ. ನಾನು ಚೆನ್ನಾಗಿದ್ದೇನೆ. ಎಡಗಣ್ಣಿನ ಪೊರೆ ಇನ್ನೂ ಸ್ವಲ್ಪ ಬಲಿತಿದೆ, ಅಷ್ಟೇ. ಅದಕ್ಕೇ ಈ ಸಾಲುಗಳು ಮೇಲೆ ಕೆಳಗೆ ಹೋಗಿವೆ, ಸರಿಮಾಡಿಕೊಂಡು ಓದು. ರಸ್ತೆ ಗ್ಯಾಂಗಿನಲ್ಲಿದ್ದಾಗ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಇದು, ಇದಕ್ಕಿಂತ ಚೆನ್ನಾಗಿ ಯಾವತ್ತೂ ಇರಲಿಲ್ಲ.

ನಿನ್ನ ಎರಡನೆಯ ಕಾರ್ಡು ಬಂದು ಬಹಳ ದಿನವಾಯಿತು. ನಿಮ್ಮ ಮಗ ಒಂದು ಮಾತನ್ನೂ ಬರೆಸಿಲ್ಲ, ಅವರಿಗೆ ಸಿಟ್ಟಿದ್ದರೆ ಹೇಳಿ ಮಾವ, ತರಬೇತಿ ಬಿಟ್ಟು ಬಂದುಬಿಡುತ್ತೇನೆ ಎಂದು ಕೇಳಿದ್ದೆ. ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಏನೆಂದು ಬರೆಯಲಿ? ಅವನಿಗೆ ಸಿಟ್ಟಿದೆಯೋ ಇಲ್ಲವೋ ನನಗೇ ತಿಳಿದಿರಲಿಲ್ಲ. ನೀನು ಬಸ್ಸು ಹತ್ತಿದ ದಿನ ಅವನು ಬಸ್ ನಿಲ್ದಾಣಕ್ಕೆ ಬರಲಿಲ್ಲ, ಗಿರಣಿಯಲ್ಲಿ ಮೂಟೆ ಇಳಿಸುವುದಿದೆ ಎಂದು ಹೋಗಿಬಿಟ್ಟ. ಆಮೇಲೆ ಮನೆಯಲ್ಲಿ ನಿನ್ನ ಹೆಸರನ್ನೂ ಎತ್ತಲಿಲ್ಲ. ಇದರ ಜೊತೆಗೆ ನಿನ್ನ ಕೋಳಿಗಳ ಗಲಾಟೆ ಬೇರೆ. ಎರಡೂ ಸೇರಿ ನನ್ನ ತಲೆ ಎಂಥ ಕಲಸುಮೇಲೋಗರವಾಗಿತ್ತೆಂದರೆ, ಒಂದು ದಿನ ಕೋಳಿಗೆ ಹಾಕಬೇಕಾದ ನುಚ್ಚನ್ನು ಒಲೆಯ ಮೇಲಿಟ್ಟು, ಅಕ್ಕಿಯನ್ನು ಅಂಗಳಕ್ಕೆ ಚೆಲ್ಲಿದೆ. ಈಗ ಸ್ವಲ್ಪ ತಿಳಿಯಾಗಿದೆ. ಪೂರ್ತಿ ಅಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀನೇ ಓದಿ ತಿಳಿದುಕೋ.

ನೀನು ಹೋದ ಮೇಲೆ ಸಂಕ್ರಾಂತಿಗೆ ಮೊದಲು ನಾನು ಬಸವಾಪಟ್ಟಣಕ್ಕೆ ಹೋಗಿದ್ದೆ. ನನ್ನ ತಂಗಿಯ ಮನೆಯ ಹೆಂಚು ಇಳಿಸಿ ಮತ್ತೆ ಹೊದಿಸುವ ಕೆಲಸವಿತ್ತು. ಎರಡು ದಿನವೆಂದು ಹೋದವನು ವಾರದ ಮೇಲೆ ಉಳಿದೆ. ಕೋಳಿಗಳನ್ನು ನಿನ್ನ ಗಂಡ ಹನುಮಂತಪ್ಪನಿಗೆ ಒಪ್ಪಿಸಿದ್ದೆ. ನೀನು ಹೇಳಿದ್ದನ್ನೆಲ್ಲ ಅವನಿಗೂ ಹೇಳಿದ್ದೆ: ಕತ್ತಲಾಗುವ ಮೊದಲೇ ಗೂಡಿಗೆ ಸೇರಿಸು, ಹಲಗೆ ಹಾಕು, ಹಲಗೆಗೆ ಕಲ್ಲು ಒತ್ತು. ತಿರುಗಿ ಬಂದು ನೋಡಿದರೆ ಅಂಗಳದಲ್ಲಿ ಯುದ್ಧ ನಡೆದಿತ್ತು. ನಿನ್ನ ಕೆಂಪಿ, ಎಲ್ಲರಿಗಿಂತ ಹಿರಿಯ ಹೇಂಟೆ, ಕತ್ತಿನ ಗರಿ ನಿಗುರಿಸಿಕೊಂಡು ಕರಿಹೇಂಟೆಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಗಿಡ್ಡಿ ಚುಕ್ಕಿಯ ನೆತ್ತಿಗೆ ಕುಕ್ಕುತ್ತಿತ್ತು. ಹುಂಜ ಯಾರ ಪರ ಎಂದು ತಿಳಿಯದೆ ಎರಡೂ ಕಡೆ ಓಡಾಡುತ್ತಿತ್ತು. ಒಂದೇ ಬೋಗುಣಿಯಲ್ಲಿ ಉಂಡ ಜೀವಗಳು, ಒಂದಕ್ಕೊಂದು ಒತ್ತಿಕೊಂಡು ಮಲಗುತ್ತಿದ್ದವು. ಇವಕ್ಕೆ ಏನು ಬಂತು ಎಂದು ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ.

ಅದಕ್ಕಿಂತ ಬೇಸರದ ಸಂಗತಿ ಇನ್ನೊಂದು. ನಾನು ಕೂತರೆ ಸಾಕು, ಚುಕ್ಕಿ ಬಂದು ಮೊಣಕಾಲಿನ ಮೇಲೆ ಹತ್ತುತ್ತಿತ್ತಲ್ಲ, ಅದು ಈಗ ನನ್ನನ್ನು ಕಂಡರೆ ಬೇಲಿ ಸಂದಿಗೆ ಓಡುತ್ತದೆ. ಕೈಯಲ್ಲಿ ಕಾಳು ಹಿಡಿದು ಕರೆದೆ, ಬರಲಿಲ್ಲ. ಸಂಜೆ ಕರಿಹೇಂಟೆ ಮತ್ತು ಚುಕ್ಕಿ ಗೂಡಿನ ಬಾಗಿಲಿಗೇ ಬರಲಿಲ್ಲ, ನುಗ್ಗೆಮರ ಹತ್ತಿ ಕೂತವು. ಹನುಮಂತಪ್ಪ ಮರ ಹತ್ತಿ ಇಳಿಸಿ ಒಳಗೆ ತಳ್ಳಿದ. ಒಂದು ವಾರ ಮನೆ ಬಿಟ್ಟಿದ್ದಕ್ಕೆ ಕೋಳಿ ಕೂಡ ಮನುಷ್ಯನನ್ನು ಮರೆಯುತ್ತದೆಯೇ? ನಗಬೇಡ, ನನಗೆ ನಿಜವಾಗಿ ನೋವಾಯಿತು. ಅವನನ್ನು ಕೇಳಿದರೆ, "ಚಳಿಗೆ ಹಂಗೆ ಆಡ್ತಾವೆ ಬಿಡಪ್ಪಾ" ಎಂದು ಮುಖ ತಿರುಗಿಸಿದ.

ಪಕ್ಕದ ಮನೆಯ ಸಾವಂತ್ರಮ್ಮನನ್ನು ಕೇಳಿದೆ. ದೃಷ್ಟಿ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ನಾವಿಬ್ಬರೂ ಕೆಮ್ಮಿದೆವು, ಕೋಳಿಗಳು ಕಚ್ಚಾಡುತ್ತಲೇ ಇದ್ದವು. ಸೈಕಲ್ ಅಂಗಡಿಯ ಗಿಡ್ಡಪ್ಪ ಹುಂಜಕ್ಕೆ ವಯಸ್ಸಾಯಿತು, ಅದನ್ನು ಬದಲಾಯಿಸಿ ಎಂದ. ಚನ್ನಗಿರಿಗೆ ಹೋದಾಗ ದನದ ಆಸ್ಪತ್ರೆಯ ಕಾಂಪೌಂಡರನ್ನು ಕೇಳಿದರೆ, ಅವರು ನನ್ನನ್ನೇ ತಿರುಗಿ ಕೇಳಿದರು: "ಹೊಸ ಕೋಳಿ ಏನಾದ್ರೂ ತಂದು ಬಿಟ್ಟಿದ್ದೀರಾ?" ಇಲ್ಲ ಸ್ವಾಮಿ, ಎಲ್ಲ ಹಳೆಯವೇ ಎಂದು ಎದೆ ತಟ್ಟಿ ಹೇಳಿ ಬಂದೆ. ಅವರು ಕೇಳಿದ ಮೇಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಷ್ಟರಲ್ಲಿ ಸಾವಂತ್ರಮ್ಮ ಇನ್ನೊಂದು ಸುದ್ದಿ ತಂದಳು. ದನಿ ತಗ್ಗಿಸಿ, "ದೊಡ್ಡಣ್ಣಾರೆ, ಬ್ಯಾಸರ ಮಾಡ್ಕಬ್ಯಾಡ್ರಿ. ನಿಮ್ಮ ಹುಡುಗ ಭಾನುವಾರ ಹೊನ್ನಾಳಿ ಬಸ್ ಸ್ಟ್ಯಾಂಡಿನಾಗೆ ಇದ್ದ. ಇಸ್ತ್ರಿ ಅಂಗಿ ಹಾಕ್ಕಂಡು, ಬಾಳೆಹಣ್ಣು, ಎಲೆಅಡಿಕೆ ಕಟ್ಟಿಸ್ಕಂಡು ನಿಂತಿದ್ದ. ನಾನು ಕೂಗಿದ್ರೆ ಕಂಬದ ಹಿಂದೆ ಸರ್ದ" ಎಂದಳು. ಆ ಭಾನುವಾರ ನನಗೆ ಅವನು ಗಿರಣಿಯಲ್ಲಿ ಕೆಲಸವಿದೆ ಎಂದು ಹೇಳಿಹೋಗಿದ್ದ. ಹೆಂಡತಿ ತರಬೇತಿಗೆ ಹೋಗಿದ್ದಾಳೆ, ಗಂಡ ಇಸ್ತ್ರಿ ಅಂಗಿ ಹಾಕಿಕೊಂಡು ಹಣ್ಣು ಹಿಡಿದು ಇನ್ನೊಂದು ತಾಲ್ಲೂಕಿಗೆ ಹೋಗುತ್ತಾನೆ. ಇದರ ಅರ್ಥವೇನು? ಕೇಳಿಬಿಡೋಣವೆಂದು ಬಾಯಿ ತೆರೆದವನು, ಊಟಕ್ಕೆ ಏಳು ಎಂದು ಹೇಳಿ ಮುಗಿಸುತ್ತಿದ್ದೆ. ನಿನ್ನ ಅತ್ತೆ ಇದ್ದಿದ್ದರೆ ಮುಖ ನೋಡಿದ ಕೂಡಲೇ ಹೇಳುತ್ತಿದ್ದಳು, ನನಗೆ ಆ ವಿದ್ಯೆ ಬರುವುದಿಲ್ಲ. ನಿನ್ನ ಕಾರ್ಡು ಬಂದದ್ದೂ ಅದೇ ವಾರ. ಅದನ್ನು ಅವನ ಮುಂದೆ ಓದಿದೆ. ಸಿಟ್ಟಿದೆಯೇ ಎಂದು ನೀನು ಕೇಳಿದ ಸಾಲು ಬಂದ ಕೂಡಲೇ ತಟ್ಟೆ ಬಿಟ್ಟು ಎದ್ದುಹೋದ. ಸಿಟ್ಟೇ ಇರಬೇಕು ಎಂದುಕೊಂಡೆ.

ಮಾರನೆಯ ದಿನ ಸಂಜೆ ಕೆಂಪಿ ಕರಿಹೇಂಟೆಯನ್ನು ಗೋಡೆಯ ಮೂಲೆಗೆ ಒತ್ತಿ ಜುಟ್ಟು ಹರಿದುಬಿಟ್ಟಿತು. ರಕ್ತ ಕಂಡದ್ದೇ ತಡ, ಗಿಡ್ಡಿಯೂ ಬಂದು ಅದೇ ಜಾಗಕ್ಕೆ ಕುಕ್ಕತೊಡಗಿತು. ಗಿರಣಿಯಿಂದ ಬಂದ ಹನುಮಂತಪ್ಪ ಬುತ್ತಿ ಡಬ್ಬಿ ಎಸೆದು ಓಡಿ ಬಂದು ಅದನ್ನು ಎತ್ತಿಕೊಂಡ. ಅರಿಸಿನ, ಎಣ್ಣೆ ಕಲಸಿ ಬೆರಳ ತುದಿಯಲ್ಲಿ ಮೆಲ್ಲಗೆ ಹಚ್ಚಿದ. ಕ್ವಿಂಟಾಲು ಮೂಟೆ ಹೊರುವ ಕೈ ಅದು. "ಯಾಕೋ ಹಿಂಗಾತು? ಅವಳು ಬಂದು ಕೇಳಿದ್ರೆ ಏನಂತ ಹೇಳನ?" ಎಂದೆ. ಅವನು ತಲೆ ಎತ್ತದೆ, "ಅಪ್ಪಾ, ಇದು ಅವಳ ಕೋಳಿ ಅಲ್ಲ. ಚುಕ್ಕಿನೂ ಅಲ್ಲ" ಎಂದ.

ನನಗೆ ಅರ್ಥವಾಗಲಿಲ್ಲ. ಎರಡೆರಡು ಸಲ ಹೇಳಿಸಿಕೊಂಡೆ. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ನಾನು ಬಸವಾಪಟ್ಟಣದಲ್ಲಿದ್ದಾಗ ಒಂದು ದಿನ ಗಿರಣಿಯಲ್ಲಿ ಲೋಡು ಬಂದು ಅವನು ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಕೋಳಿಗಳು ತಾವಾಗಿ ಗೂಡು ಸೇರಿದ್ದವು. ಹಲಗೆ ಹಾಕಿದ, ಕಲ್ಲು ಒತ್ತುವುದನ್ನು ಮರೆತ. ಬೆಳಿಗ್ಗೆ ನೋಡಿದರೆ ಹಲಗೆ ಬಿದ್ದಿತ್ತು. ಕಾಡುಬೆಕ್ಕು ನುಗ್ಗಿ ನಿನ್ನ ಕರಿಹೇಂಟೆಯನ್ನೂ ಚುಕ್ಕಿಯನ್ನೂ ಕೊಂದಿತ್ತು. ಅಳಬೇಡ ತಾಯಿ. ಅವನು ಹಿತ್ತಲಲ್ಲಿ ಗುಂಡಿ ತೆಗೆದು ಹುಗಿದಿದ್ದಾನೆ, ನನಗೆ ಜಾಗ ತೋರಿಸಿದ. ನನಗೆ ಮೊದಲೇ ಯಾಕೆ ಹೇಳಲಿಲ್ಲವೋ ಎಂದರೆ, "ನಿನಗೆ ಹೇಳಿದ್ರೆ ನೀನು ಬರೀತೀಯ. ಬರೆದ್ರೆ ಅವಳು ಓಡಿ ಬರ್ತಾಳೆ. ಅವರವ್ವ ಕೊಟ್ಟ ಕೋಳಿ ಅವು, ಅವಳ ಜೀವ ಐತೆ ಅವುಗಳ ಮೇಲೆ. ಒಂದ್ಸಲ ಬಂದ್ಲು ಅಂದ್ರೆ ಆ ಕೆಲಸ ಬೇರೆ ಯಾರಿಗೋ ಹೋಗ್ತೈತೆ. ನನ್ನ ದೆಸೆಯಿಂದ ಅವಳು ಟೀಚರಮ್ಮ ಆಗೋದು ತಪ್ಪಬಾರ್ದು" ಎಂದ. ಇವನು ನಿನ್ನನ್ನು ತಡೆಯುತ್ತಾನೆಂದು ಅಂದುಕೊಂಡಿದ್ದವನು ನಾನು.

ಅವನು ಅಂಥವೇ ಎರಡಕ್ಕಾಗಿ ಚನ್ನಗಿರಿ ಸಂತೆಯಲ್ಲಿ ಹುಡುಕಿದ, ಹೊನ್ನಾಳಿ ಸಂತೆಯಲ್ಲಿ ಹುಡುಕಿದ. ಕರಿಹೇಂಟೆ ಸಿಕ್ಕರೆ ಚುಕ್ಕೆಯದು ಸಿಗುವುದಿಲ್ಲ, ಚುಕ್ಕೆ ಸಿಕ್ಕರೆ ಕಾಲು ಬೇರೆ ಬಣ್ಣ. ಕೊನೆಗೆ ಎಲ್ಲಿಂದ ಅವು ಬಂದವೋ ಅಲ್ಲಿಗೇ ಹೋಗಿದ್ದಾನೆ, ಹೊನ್ನಾಳಿ ಹತ್ತಿರದ ಗೋವಿನಕೋವಿಗೆ, ನಿಮ್ಮವ್ವನ ಮನೆಗೆ. ನಂಬುತ್ತೀಯ? ಮೊದಲ ಯುಗಾದಿಗೆ ಹೋದಾಗ ನಿಮ್ಮವ್ವ ಹುಲಿಗೆಮ್ಮ ನೆಂಟರ ಮುಂದೆ, ಎಸ್ಸೆಸ್ಸೆಲ್ಸಿ ಪಾಸಾದ ಮಗಳನ್ನು ಹೆಬ್ಬೆಟ್ಟಿನವನಿಗೆ ಕೊಟ್ಟೆ ಎಂದದ್ದಕ್ಕೆ, ಇನ್ನು ಆ ಹೊಸಿಲು ತುಳಿಯುವುದಿಲ್ಲ ಎಂದು ಎದ್ದು ಬಂದಿದ್ದನಲ್ಲ, ಅದೇ ಮನೆಗೆ. ನಿಮ್ಮವ್ವ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರಂತೆ. ಗುರುತು ಹಿಡಿದೂ ಹಿಡಿಯದವರ ಹಾಗೆ, "ಯಾರಪ್ಪಾ, ಏನು ಬೇಕಿತ್ತು?" ಎಂದರಂತೆ. ಇವನು "ಕೋಳಿ ಬೇಕಿತ್ತು" ಎಂದ. "ನಾನು ಕೋಳಿ ಮಾರಾಕಿಲ್ಲ" ಎಂದರು. ಆಗ ಇವನು ನಿಂತಲ್ಲೇ ಎಲ್ಲ ಹೇಳಿದ. ನಿಮ್ಮವ್ವ ಮೊರ ಕೆಳಗಿಟ್ಟು, ಕೈಕಾಲಿಗೆ ನೀರು ಕೊಟ್ಟು, ಮುದ್ದೆ ಬಡಿಸಿ, ತಮ್ಮ ಗೂಡಿನಿಂದಲೇ ಎರಡು ಹೇಂಟೆ ಹಿಡಿದುಕೊಟ್ಟರು. ಒಂದು ಮಾತು ಎಚ್ಚರಿಸಿದ್ದರು: ಹೋದ ಕೂಡಲೇ ಹಳೆಯವುಗಳ ಜೊತೆ ಬಿಡಬೇಡ, ಬೇರೆ ಇಡು. ಬೇರೆ ಇಟ್ಟರೆ ನನಗೆ ಗೊತ್ತಾಗುತ್ತದೆ ಎಂದು ಇವನು ಅದೇ ಸಂಜೆ ನೇರವಾಗಿ ಗೂಡಿಗೆ ತಳ್ಳಿದ್ದಾನೆ. ಜಗಳಕ್ಕೆ ಅದೇ ಕಾರಣ. ಇಸ್ತ್ರಿ ಅಂಗಿ ಹಾಕಿ ಹಣ್ಣು ಹಿಡಿದು ಹೋದದ್ದು, ಜಗಳ ಬಿಡಿಸುವುದು ಹೇಗೆಂದು ಅತ್ತೆಯನ್ನು ಕೇಳಲು. ಬರಿಗೈಯಲ್ಲಿ ಎರಡನೆಯ ಸಲ ಹೋಗಲು ನಾಚಿಕೆಯಾಯಿತಂತೆ. ಬಿಡುವಾದಾಗ ನಾನೇ ಬಂದು ನೋಡುತ್ತೇನೆ ಎಂದು ನಿಮ್ಮವ್ವ ಹೇಳಿ ಕಳಿಸಿದ್ದರಂತೆ.

ವಿಷಯ ತಿಳಿದ ಮೇಲೆ ಗೊಂದಲ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಕಾಂಪೌಂಡರ ಬಳಿ ಮತ್ತೆ ಹೋಗಿ ಹೊಸ ಕೋಳಿ ಇರುವುದು ನಿಜ ಎಂದೆ. ಅವರು ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದ್ಲು ದೂರ ಇಡ್ರಿ. ಕೊಕ್ಕರೆ ರೋಗ ಇದ್ರೆ ಎಲ್ಲಾವೂ ಹೋಗ್ತಾವೆ" ಎಂದರು. ಸಾವಂತ್ರಮ್ಮ, ಎಲ್ಲವನ್ನೂ ಒಂದೇ ಗೂಡಲ್ಲಿ ಕತ್ತಲಲ್ಲಿ ಕೂಡಿಸಿ, ಬೆಳಗಾಗುವಷ್ಟರಲ್ಲಿ ಮರೆತಿರುತ್ತವೆ ಎಂದಳು. ನಾನು ನನ್ನದೇ ಬುದ್ಧಿ ಓಡಿಸಿ, ಎಲ್ಲಕ್ಕೂ ಒಂದೇ ವಾಸನೆ ಬಂದರೆ ಭೇದ ತಿಳಿಯುವುದಿಲ್ಲವೆಂದು ಹಳೆಯವು ಹೊಸವು ಎನ್ನದೆ ಬೂದಿ ಹಚ್ಚಿದೆ. ಎಲ್ಲವೂ ಬೂದುಬಣ್ಣದ ಕೋಳಿಗಳಾದವು. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ, ಕೆಂಪಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು.

ಅದರ ನಡುವೆ ಒಂದು ಮಧ್ಯಾಹ್ನ ಬಸ್ಸಿನಿಂದ ನಿಮ್ಮವ್ವನೇ ಇಳಿದುಬಂದರು. ಕೈಯಲ್ಲಿ ಚೀಲ. ಮದುವೆಯಾದ ಮೇಲೆ ನಮ್ಮ ಮನೆಗೆ ಅವರು ಬಂದದ್ದು ಅದೇ ಮೊದಲು. ನಾನು ಚಾಪೆ ಹಾಸಿ, ಅದರ ಮೇಲೆ ನಾನೇ ಕೂತುಬಿಟ್ಟೆ. ಅವರು ಬೂದಿ ಹಚ್ಚಿದ ಕೋಳಿಗಳನ್ನು ನೋಡಿ, "ಇದೇನ್ರಿ ಬೀಗರೆ, ಇವಕ್ಕೆ ದೀಕ್ಷೆ ಕೊಟ್ಟೀರಾ?" ಎಂದರು. ಆಮೇಲೆ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತರು. ದನದ ಕೊಟ್ಟಿಗೆಯ ಮೂಲೆಗೆ ಬಿದಿರಿನ ತಡಿಕೆ ಕಟ್ಟಿಸಿ ಎರಡು ಹೊಸ ಹೇಂಟೆಗಳನ್ನು ಅದರೊಳಗೆ ಬಿಟ್ಟರು. ಅವುಗಳ ನೀರು ಬೇರೆ, ಬೋಗುಣಿ ಬೇರೆ. ಹಳೆಯವಕ್ಕೆ ಮೊದಲು ಹಾಕಿ, ಹೊಸವಕ್ಕೆ ಆಮೇಲೆ ಹಾಕಿ ಕೈ ತೊಳೆಯಬೇಕು. ಹಿಕ್ಕೆ ಹಸಿರಾಗಿದೆಯೇ, ತೂಕಡಿಸುತ್ತವೆಯೇ, ಕತ್ತು ತಿರುಚುತ್ತವೆಯೇ ಎಂದು ದಿನಾ ನೋಡಬೇಕು. ಹೀಗೆ ಬೇರೆ ಇಡುವ ಕೆಲಸ ತಂದ ದಿನವೇ ಆಗಬೇಕಿತ್ತು, ಈಗ ತಡವಾಗಿದೆ, ಆದರೂ ಬಿಡುವುದು ಬೇಡ ಎಂದರು. ಪುಣ್ಯಕ್ಕೆ ಯಾವ ರೋಗವೂ ಕಾಣಲಿಲ್ಲ. ಕರಿಹೇಂಟೆಯ ಜುಟ್ಟಿನ ಗಾಯವೂ ಅಲ್ಲಿಯೇ ಒಣಗಿತು.

ಕೆಂಪಿ ಮೊದಮೊದಲು ತಡಿಕೆಗೆ ಹಾರಿ ಹಾರಿ ಕುಕ್ಕಿತು. ಕೆಲವು ದಿನಕ್ಕೆ ಬೇಸರವಾಗಿ ತಡಿಕೆಯ ಪಕ್ಕದಲ್ಲೇ ಮಣ್ಣು ಕೆದರಿ ಮಲಗತೊಡಗಿತು. ಆಗ ನಿಮ್ಮವ್ವ ಹಳೆಯವನ್ನು ತಡಿಕೆಯೊಳಗೆ ಹಾಕಿ ಹೊಸವನ್ನು ಅಂಗಳಕ್ಕೆ ಬಿಟ್ಟರು. "ಇವಕ್ಕೂ ಜಾಗದ ಗುರ್ತು ಸಿಗಬೇಕಲ್ರಿ. ಎಲ್ಲಿ ಓಡಬೇಕು, ಎಲ್ಲಿ ಅಡಗಬೇಕು ಅಂತ ಗೊತ್ತಿಲ್ದೆ ಹೆಂಗೆ ಬದುಕ್ತಾವೆ?" ಎಂದರು. ಕೊನೆಗೆ ಮೊನ್ನೆ ಗುರುವಾರ ಎಲ್ಲವನ್ನೂ ಒಟ್ಟಿಗೆ ಬಿಡುವ ದಿನ. ಕಾಳನ್ನು ಒಂದೇ ಕಡೆ ಹಾಕದೆ ಅಂಗಳದ ತುಂಬ ಚೆಲ್ಲಿಸಿದರು. ನೀರನ್ನು ಎರಡು ಕಡೆ ಇಟ್ಟರು. ಅಲ್ಲಲ್ಲಿ ಮಂಕರಿ, ಒಡೆದ ಹರವಿ, ಸೌದೆ ಕಟ್ಟು ಇಡಿಸಿದರು, ಹೊಡೆತ ತಿಂದದ್ದು ಮರೆಯಾಗಲಿ ಎಂದು. ಹನುಮಂತಪ್ಪ ಗಿರಣಿಗೆ ರಜೆ ಹಾಕಿ ಕೂತಿದ್ದ. ಕೆಂಪಿ ಓಡಿಹೋಗಿ ಕರಿಹೇಂಟೆಗೆ ಕುಕ್ಕಿದ ಕೂಡಲೇ ಅವನು ಎದ್ದ. ನಿಮ್ಮವ್ವ ಅವನ ತೋಳು ಹಿಡಿದು ಕೂರಿಸಿ, "ಕುಂತ್ಕಳಪ್ಪ. ರಕ್ತ ಬಂದ್ರೆ ಬಿಡಿಸನ. ಅಲ್ಲೀಗಂಟ ಅವೇ ಇತ್ಯರ್ಥ ಮಾಡ್ಕತಾವೆ" ಎಂದರು. "ಆತು ಅತ್ತೆ" ಎಂದ ಅವನು. ಅತ್ತೆ ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಿಮ್ಮವ್ವ ಕೇಳಿಸದವರ ಹಾಗೆ ಕಾಳು ಚೆಲ್ಲುತ್ತಿದ್ದರು, ಆದರೆ ಹಿಡಿಯಲ್ಲಿದ್ದ ಕಾಳು ಮುಗಿದ ಮೇಲೂ ಕೈ ಬೀಸುತ್ತಲೇ ಇದ್ದರು.

ಸಂಜೆ ಕೋಳಿಗಳ ಕಣ್ಣು ಮಂಜಾಗುವ ಹೊತ್ತಿಗೆ ಹೊಸವೆರಡನ್ನೂ ಎತ್ತಿ ಗೂಡಿನ ಅಡ್ಡಗೋಲಿನ ಮೇಲೆ ಕೂರಿಸಿದೆವು. ಕೆಂಪಿ ಒಮ್ಮೆ ಗೊಣಗಿ ಸುಮ್ಮನಾಯಿತು. ಈಗಲೂ ಕಾಳು ಹಾಕಿದರೆ ಮೊದಲು ಕೆಂಪಿ, ಆಮೇಲೆ ಗಿಡ್ಡಿ, ಉಳಿದವು ಕಾಯುತ್ತವೆ. ಜಗಳವಿಲ್ಲ. ಹೊಸ ಚುಕ್ಕಿ ನನ್ನ ಹತ್ತಿರ ಬರುವುದಿಲ್ಲ. ಬರಲಿ ಎಂಬ ಆಸೆಯೂ ನನಗಿಲ್ಲ. ಹಳೆಯದನ್ನು ನೆನೆದರೆ ಈಗಲೂ ಮೊಣಕಾಲು ಖಾಲಿ ಎನಿಸುತ್ತದೆ.

ಇನ್ನು ನಿನ್ನ ಪ್ರಶ್ನೆ. ನಿನ್ನ ಕಾರ್ಡನ್ನು ನಿಮ್ಮವ್ವ ನನ್ನಿಂದ ಮತ್ತೆ ಓದಿಸಿದರು. ಸಿಟ್ಟಿನ ಸಾಲು ಬಂದಾಗ ಇವನು ಹಿಂದಿನಂತೆಯೇ ಎದ್ದುಹೋದ. ನಾನಾಗಿದ್ದರೆ ಬಿಡುತ್ತಿದ್ದೆ, ನಿಮ್ಮವ್ವ ಬೆನ್ನಿಗೇ ಹೋದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. "ಯಾಕಪ್ಪಾ, ಒಂದು ಮಾತು ಬರೆಸಾಕೆ ಏನು ಕಷ್ಟ?" ಎಂದರು. ಅವನು, "ನನಗೆ ಬರೆಯಾಕೆ ಬರಲ್ಲ ಅತ್ತೆ. ಅಪ್ಪನ ಕೈಲಿ ಏನಂತ ಬರೆಸ್ಲಿ? ಹೆಂಡ್ತಿಗೆ ಹೇಳೋ ಮಾತು ಅಪ್ಪನ ಮುಂದೆ ಹೇಳಾಕೆ ಆಗ್ತೈತಾ?" ಎಂದ. ನಿಮ್ಮವ್ವ ಒಳಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು, ಆ ಯುಗಾದಿಯ ಮಾತು ಆಡಬಾರದಿತ್ತು ಬೀಗರೆ ಎಂದರು. ನಾನು, ಮಜ್ಜಿಗೆ ಕುಡಿಯುತ್ತೀರಾ ಎಂದೆ.

ಇಷ್ಟೇ ತಾಯಿ. ಸಿಟ್ಟಲ್ಲ, ನಾಚಿಕೆ. ಎರಡೂ ಒಂದೇ ಥರ ಕಾಣುತ್ತವೆಂದು ಈ ವಯಸ್ಸಿಗೆ ತಿಳಿಯಿತು. ನಿಮ್ಮವ್ವ ನಿನ್ನೆ ಊರಿಗೆ ಹೋದರು, ನಿನಗೆ ಹೇಳಲು ನೂರು ಮಾತು ಹೇಳಿದ್ದಾರೆ, ಅವರೇ ಬಂದಾಗ ಹೇಳಲಿ. ಸಾವಂತ್ರಮ್ಮ ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾಳೆ. ತಣ್ಣೀರು ಕುಡಿಯಬೇಡ, ಕೆಮ್ಮಿಗೆ ಮೆಣಸು ಬೆಲ್ಲ ತಿನ್ನು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಕೈಯಲ್ಲಿ ಕಲಿಯುವ ಮಕ್ಕಳು ನೂರ್ಕಾಲ ಬಾಳಲಿ.

ನಿನ್ನ ಮಾವ,
ದೊಡ್ಡಣ್ಣ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟಿದ್ದೆ, ಜಾಗ ಕಡಿಮೆ. ನೀನು ತರಬೇತಿ ಬಿಟ್ಟು ಬರಬೇಡ. ಬರುವ ಭಾನುವಾರ ಅವನೇ ಜಗಳೂರಿಗೆ ಬರುತ್ತಾನೆ. ಕೋಳಿಯ ಸುದ್ದಿಯನ್ನು ತಾನೇ ಮುಖಾಮುಖಿ ಹೇಳಬೇಕಂತೆ, ನೀನು ಬರೆಯಬೇಡಪ್ಪಾ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ನಾನು ಎಲ್ಲವನ್ನೂ ಬರೆದುಬಿಟ್ಟಿದ್ದೇನೆ. ತಪ್ಪೋ ಸರಿಯೋ ತಿಳಿಯದು, ಬರೆಯದಿದ್ದರೆ ನೀನು ಅಷ್ಟರಲ್ಲಿ ಬಸ್ಸು ಹತ್ತಿಬಿಡುತ್ತೀಯ ಎಂದು ಹೆದರಿದೆ. ಈಗ ನೀನೇ ನನ್ನ ಮಾನ ಉಳಿಸಬೇಕು. ಅವನು ಬಂದಾಗ ನಿನಗೇನೂ ಗೊತ್ತಿಲ್ಲ. ಕೋಳಿಗಳು ಹೇಗಿವೆ ಎಂದು ನೀನೇ ಮೊದಲು ಕೇಳು, ಇಲ್ಲದಿದ್ದರೆ ಸಂಜೆಯ ಬಸ್ಸಿನವರೆಗೂ ಅವನು ಬಾಯಿ ಬಿಡುವುದಿಲ್ಲ. ಹೇಳುವಾಗ ಅಲ್ಲಲ್ಲಿ ನಿಲ್ಲುತ್ತಾನೆ, ನೀನು ಮುಂದಿನ ಮಾತನ್ನು ಎತ್ತಿಕೊಡಬೇಡ.